ಮದೀನಾದ ಓಣಿಗಳಲ್ಲಿ ಹರಿದ ಮದ್ಯ

ಮದೀನಾದಲ್ಲಿ ಹಝ್ರತ್ ಅಬೂ ತಲ್ಹಾ(ರ)ರ ಮನೆಯಲ್ಲಿ ಹಝ್ರತ್ ಅನಸ್(ರ) ಅತಿಥಿಗಳಿಗೆ ಮದ್ಯ ಕೊಡುತ್ತಿದ್ದರು. ಮದ್ಯ ನಿಷಿದ್ಧವಾಯಿತೆಂಬ ಘೋಷಣೆ ಹೊರಗಿನಿಂದ ಕೇಳಿಸಿತು. ಅದನ್ನು ಚೆಲ್ಲಿಬಿಡುವಂತೆ ಅಬೂ ತಲ್ಹಾ(ರ) ಹೇಳಿದರು. ಅಂದು ಮದೀನಾದ ಓಣಿಗಳಲ್ಲಿ ಮದ್ಯ ಹರಿಯಿತು. ಮನೆಮನೆ ಶೋಧಿಸುವ ಪೊಲೀಸ್ ಪಡೆ ಅಲ್ಲಿರಲಿಲ್ಲ.

ಅಮೆರಿಕವೂ ಸಂವಿಧಾನಕ್ಕೆ ತಿದ್ದುಪಡಿ ತಂದು 1920ರಿಂದ ಮದ್ಯವನ್ನು ನಿಷೇಧಿಸಿತು. ಅಧಿಕಾರಿಗಳಿದ್ದರು, ಜೈಲಿತ್ತು. ಆದರೂ ಕಳ್ಳ ಮದ್ಯದಂಗಡಿಗಳು ತಲೆಯೆತ್ತಿದವು. 1933ರಲ್ಲಿ ನಿಷೇಧವನ್ನೇ ಹಿಂತೆಗೆಯಬೇಕಾಯಿತು.

ಅಂತರವೇನು? ಮೊದಲು ಸ್ವರ್ಗ-ನರಕಗಳ ವಚನಗಳು ಅವತೀರ್ಣಗೊಂಡವು, ಹೃದಯಗಳು ಒಲಿದ ಮೇಲೆಯೇ ವಿಧಿ-ನಿಷೇಧಗಳು ಬಂದವು ಎಂದು ಹಝ್ರತ್ ಆಯಿಷಾ(ರ) ವಿವರಿಸಿದ್ದಾರೆ. ಮೊದಲ ದಿನವೇ ಮದ್ಯ ಬಿಡಿ ಎಂದಿದ್ದರೆ ಜನ ಒಪ್ಪುತ್ತಿರಲಿಲ್ಲ.

ಮನಶ್ಶಾಸ್ತ್ರಜ್ಞ ಟಾಮ್ ಟೈಲರ್ ಶಿಕಾಗೋ ನಗರದ ಜನರನ್ನು ವಿಚಾರಿಸಿ 1990ರಲ್ಲಿ ಬರೆದದ್ದೂ ಇದಕ್ಕೆ ಹತ್ತಿರವೇ: ಶಿಕ್ಷೆಯ ಭಯಕ್ಕಿಂತ, ಅಧಿಕಾರವು ನ್ಯಾಯವಾಗಿ ನಡೆಯುತ್ತಿದೆಯೆಂಬ ನಂಬಿಕೆಯೇ ಜನರಿಂದ ಕಾನೂನು ಪಾಲಿಸುವಂತೆ ಮಾಡುತ್ತದೆ.

ನಾವಾದರೋ ಪೊಲೀಸರನ್ನು ಕಂಡಾಗ ಮಾತ್ರ ಹೆಲ್ಮೆಟ್ ಧರಿಸುತ್ತೇವೆ. ಮಕ್ಕಳನ್ನು ಬೆತ್ತ ತೋರಿಸಿ ನಮಾಝಿಗೆ ಎಬ್ಬಿಸುತ್ತೇವೆ. ಬೆತ್ತವಿಲ್ಲದ ಊರಿಗೆ ಹೋದ ದಿನ ಆ ಮಗು ಫಜ್ರ್‌ಗೆ ಏಳುವುದೇ? ಮೊದಲು ಅದರ ಹೃದಯ ಗೆಲ್ಲೋಣ. ಅಲ್ಲಾಹನು ಅನುಗ್ರಹಿಸಲಿ. ಆಮೀನ್.