ಚಾವಡಿಯ ದಫ್ತರವೂ ಯಂತ್ರದ ಬುದ್ಧಿಯೂ

ನಿಮ್ಮ ಮನೆಯ ಟ್ರಂಕಿನಲ್ಲಿ ಹಿರಿಯರ ಹೊಲದ ಹಳೆಯ ಉತಾರವೊಂದು ಇದ್ದರೆ ತೆಗೆದು ನೋಡಿರಿ. ಸರ್ವೆ ನಂಬರು, ಎಕರೆ, ಗುಂಟೆ, ಆಣೆ, ಆಕಾರ, ಕಬ್ಜೇದಾರನ ಹೆಸರು, ಬೆಳೆಯ ವಿವರ - ಒಂದು ಮನೆತನದ ಅನ್ನವೆಲ್ಲ ಆ ಒಂದು ಹಾಳೆಯಲ್ಲಿ ಅಡಗಿರುವುದು. ಕಳೆದ ಇನ್ನೂರು ವರುಷಗಳಲ್ಲಿ ಆ ಹಾಳೆಯನ್ನು ಬರೆಯುವ ಕೈ ಹಲವು ಸಲ ಬದಲಾಗಿದೆ. ಕುಲಕರ್ಣಿ ಹೋಗಿ ತಲಾಠಿ ಬಂದನು; ತಲಾಠಿ ಗ್ರಾಮಲೆಕ್ಕಿಗನೆನಿಸಿದನು; ಈಗ ಆತನ ಹೆಸರು ಗ್ರಾಮ ಆಡಳಿತ ಅಧಿಕಾರಿ. ಬೋರಿನ ಲೇಖನಿಯ ಸ್ಥಳಕ್ಕೆ ಗಣಕಯಂತ್ರ ಬಂದು ಕಾಲವಾಯಿತು. ಇದೀಗ ಆ ಯಂತ್ರದ ಬೆನ್ನಿಗೆ ಕೃತಕ ಬುದ್ಧಿಮತ್ತೆಯೆಂಬ ಇನ್ನೊಬ್ಬ ಸಹಾಯಕ ಬಂದು ನಿಂತಿದ್ದಾನೆ. ಅರ್ಜಿಯನ್ನು ಓದಿ ಸಾರ ಹೇಳುತ್ತಾನೆ, ಉತ್ತರದ ಕರಡು ಬರೆದುಕೊಡುತ್ತಾನೆ, ಮಾಸಿದ ಅಕ್ಷರವನ್ನೂ ಓದಿ ತೋರಿಸುತ್ತೇನೆನ್ನುತ್ತಾನೆ. ಬೇಸರವಿಲ್ಲ, ರಜೆಯಿಲ್ಲ, ಸಂಬಳವಿಲ್ಲ. ಇಂಥ ಸಹಾಯಕನನ್ನು ಕಚೇರಿಯ ನೌಕರನು ಎಷ್ಟರ ಮಟ್ಟಿಗೆ ನಂಬಬೇಕು?

ಪ್ರಶ್ನೆ ಹೊಸದೆಂದು ತೋರುವುದು. ಆದರೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ನೆಲದಲ್ಲಿ ಇದರ ಬೇರು ಬಹಳ ಆಳಕ್ಕೆ ಇಳಿದಿದೆ. ಕಾಗದವನ್ನು ನಂಬುವುದೋ ಮನುಷ್ಯನನ್ನು ನಂಬುವುದೋ ಎಂಬ ಒಂದು ಪ್ರಶ್ನೆಯಿಂದಲೇ ಇಲ್ಲಿ ರಕ್ತ ಹರಿದುದುಂಟು.

1824ನೆಯ ಇಸವಿಯ ಸಪ್ಟಂಬರ ತಿಂಗಳು. ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡನು. ಮಾಸ್ತಮರಡಿಯ ಪಾಟೀಲರ ಮಗನನ್ನು ದತ್ತಕ ತೆಗೆದುಕೊಂಡಿರುವುದಾಗಿ ತಿಳಿಸುವ ದೊರೆಯ ಪತ್ರವು ಧಾರವಾಡದ ಕಲೆಕ್ಟರ ಥ್ಯಾಕರೆಯ ಕೈ ಸೇರಿತು. ಪತ್ರದ ಮೇಲಿನ ತಾರೀಖು ಜುಲೈ ತಿಂಗಳದ್ದು. ಅದು ಬಂದು ಮುಟ್ಟಿದುದು ಸಾವಿನ ಹೊತ್ತಿಗೆ. ಸಹಿಯೂ ಎಂದಿನಂತಿಲ್ಲವೆಂದು ಥ್ಯಾಕರೆಗೆ ಸಂಶಯ ಬಂದಿತು. ಸರಕಾರಿ ವೈದ್ಯನನ್ನು ಕಿತ್ತೂರಿಗೆ ಕಳುಹಿಸಿದನು. ವೈದ್ಯನು ತಲುಪುವಷ್ಟರಲ್ಲಿ ದೊರೆ ಜೀವಂತನಿರಲಿಲ್ಲ.

ಇಲ್ಲಿಯವರೆಗೆ ಥ್ಯಾಕರೆಯನ್ನು ದೂರಲಾಗದೆಂದು ನನಗೆ ತೋರುತ್ತದೆ. ಮೇಜಿನ ಮೇಲೆ ಬಂದ ಕಾಗದವನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳದೆ ತಾರೀಖು, ಸಹಿ, ಸಂದರ್ಭಗಳನ್ನು ತಾಳೆ ನೋಡುವುದು ಅಧಿಕಾರಿಯ ಧರ್ಮವೇ ಸರಿ. ಕೆಟ್ಟದ್ದು ಅದರ ಮುಂದಿನ ಹೆಜ್ಜೆ. ಸಂಶಯವನ್ನೇ ನಿರ್ಣಯವೆಂದು ಭಾವಿಸಿ, ಮುಂಬಯಿ ಸರಕಾರದ ಕೊನೆಯ ತೀರ್ಮಾನ ಬರುವ ಮೊದಲೇ ಅವನು ಖಜಾನೆಗೆ ಮುದ್ರೆ ಹಾಕಿಸಿ ಕಾವಲಿಟ್ಟನು. ರಾಣಿ ಚೆನ್ನಮ್ಮನ ಮಾತಿಗೆ ಆ ದಫ್ತರದಲ್ಲಿ ಕಲಮು ಇರಲಿಲ್ಲ. ಅಕ್ಟೋಬರ 23ರಂದು ಕೋಟೆಯ ಬಾಗಿಲಲ್ಲಿ ಥ್ಯಾಕರೆ ಹತನಾದನು. ಡಿಸೆಂಬರದಲ್ಲಿ ಕೋಟೆ ಬಿದ್ದಿತು. ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು 1829ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದಳು. ಆಕೆಯ ಸಮಾಧಿಯನ್ನು ನಿಮ್ಮಲ್ಲಿ ಬಹುಮಂದಿ ಕಂಡಿರಬೇಕು.

ಆ ಕಾಳಗದಲ್ಲಿ ಕಿತ್ತೂರಿನವರ ಕೈಗೆ ಸೆರೆಸಿಕ್ಕಿದ್ದ ತರುಣ ಅಧಿಕಾರಿಯೊಬ್ಬನ ಹೆಸರು ವಾಲ್ಟರ್ ಎಲಿಯಟ್. ಬದುಕಿ ಹೊರಬಂದ ಈತನು ಮುಂದೆ ಕನ್ನಡ ನಾಡಿನ ಶಿಲಾಶಾಸನಗಳ ಪ್ರತಿಗಳನ್ನು ಮಾಡಿಸಲು ಹೊರಟು 595 ಶಾಸನಗಳ ಸಂಗ್ರಹವನ್ನು ಬಿಟ್ಟುಹೋದನು. ಅವನ ತರುವಾಯ ಬಂದ ಫ್ಲೀಟ್ ಸವದತ್ತಿಯ, ಎಂದರೆ ಹಳೆಯ ಸುಗಂಧವರ್ತಿಯ, ರಟ್ಟರ ಶಾಸನಗಳನ್ನು ಓದಿ ಪ್ರಕಟಿಸಿದನು. ಇವನೂ ಮುಂಬಯಿ ಸರಕಾರದ ನೌಕರನೇ. ಫ್ಲೀಟನ ಇನ್ನೊಂದು ಕೆಲಸವನ್ನು ಇಲ್ಲಿ ನೆನೆಯಬೇಕು. ದೊರೆಯ ಬಿರುದು, ವಂಶಾವಳಿ, ಎಲ್ಲೆಕಟ್ಟುಗಳೆಲ್ಲ ಸರಿಯಾಗಿದ್ದರೂ ಖೋಟಾ ಎನ್ನಿಸುವ ತಾಮ್ರಪಟಗಳ ಪಟ್ಟಿಯನ್ನೇ ಅವನು ಮಾಡಿದನು. ಅಕ್ಷರಗಳ ಮೋಡಿ ಆ ಶತಮಾನದ್ದಲ್ಲ, ತಿಥಿವಾರಗಳು ಗಣಿತಕ್ಕೆ ಕೂಡುವುದಿಲ್ಲ - ಹೀಗೆ ಅವನ ಪರೀಕ್ಷೆ. ಸುಳ್ಳು ಪಟವು ನಿಜವಾದ ಪಟಕ್ಕಿಂತ ಚೊಕ್ಕಟವಾಗಿ ಇರಬಲ್ಲದು. ಈ ಮಾತು ಮುಂದೆ ಬೇಕಾಗುವುದು.

ಇನ್ನು ಭೂಮಿಯ ಲೆಕ್ಕಕ್ಕೆ ಬರೋಣ. ಪೇಶವೆಯ ರಾಜ್ಯ ಇಂಗ್ಲಿಷರ ಕೈಸೇರಿದ ಮೇಲೆ ಪುಣೆಯ ಕಡೆ ಪ್ರಿಂಗಲ್ ಎಂಬ ಅಧಿಕಾರಿ 1828ರಲ್ಲಿ ಹೊಸ ಮೋಜಣಿಯನ್ನು ಕೈಕೊಂಡನು. ಹೇಲಿಬರಿಯ ಕಾಲೇಜಿನಲ್ಲಿ ಮಾಲ್ಥಸನಿಂದ ಅರ್ಥಶಾಸ್ತ್ರ ಕಲಿತ ಬುದ್ಧಿವಂತ ಇವನು. ಪ್ರತಿಯೊಂದು ತರಗತಿಯ ಹೊಲದ ಹುಟ್ಟುವಳಿಯೆಷ್ಟು, ಬಿತ್ತನೆಗೆ ಎತ್ತುಗಳಿಗೆ ಕೂಲಿಗೆ ತಗಲುವುದೆಷ್ಟು, ಕಳೆದು ಉಳಿಯುವುದೆಷ್ಟು - ಇದನ್ನೆಲ್ಲ ಲೆಕ್ಕ ಹಾಕಿ, ಉಳಿದುದರಲ್ಲಿ ನೂರಕ್ಕೆ 55 ಪಾಲು ಸರಕಾರಕ್ಕೆಂದು ಗೊತ್ತುಪಡಿಸಿದನು. ಕಾಗದದ ಮೇಲೆ ಇದರಷ್ಟು ನಿಖರವಾದ ಲೆಕ್ಕ ಅದುವರೆಗೆ ಆಗಿದ್ದಿಲ್ಲ. ಆದರೆ ಹೊಲಕ್ಕೆ ಹೋಗಿ ಅಳೆದು ಬರೆದ ಕೆಳಗಿನ ಕಾರಕೂನರು ಲಂಚ ತಿಂದು ಕೆಲವರ ಭೂಮಿಯನ್ನು ಇಳಿಸಿ ಕೆಲವರದನ್ನು ಏರಿಸಿ ಬರೆದಿದ್ದರು. ತಳದ ಅಂಕಿ ಸುಳ್ಳು. ಅದರ ಮೇಲೆ ಕಟ್ಟಿದ ಭಾಗಾಕಾರ ಗುಣಾಕಾರಗಳೆಲ್ಲ ಸರಿ! ರೈತರು ಹೊಲಗಳನ್ನು ಬೀಳುಬಿಟ್ಟು ನಿಜಾಮನ ಸೀಮೆಗೆ ಗುಳೆ ಹೋದರು.

ಈ ಸೋಲಿನಿಂದಲೇ 1835ರ ಸುಮಾರಿಗೆ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಇವರ ಪದ್ಧತಿ ಹುಟ್ಟಿತು. 1840ರ ದಶಕದಲ್ಲಿ ವಿಂಗೇಟ್ ನಮ್ಮ ಧಾರವಾಡ-ಬೆಳಗಾವಿ ಸೀಮೆಗೆ ಬಂದನು. 1847ರ ಜಂಟಿ ವರದಿಯಲ್ಲಿ ನಿಯಮಗಳೆಲ್ಲ ಒಂದು ರೂಪಕ್ಕೆ ಬಂದವು. ಬೈಲಹೊಂಗಲವನ್ನು ಮುಖ್ಯಸ್ಥಳವಾಗಿ ಹೊಂದಿದ್ದ ಸಂಪಗಾವಿ ತಾಲೂಕಿನಲ್ಲಿಯೂ, ಸವದತ್ತಿಯಿಂದ ಆಳುತ್ತಿದ್ದ ಪರಸಗಡ ತಾಲೂಕಿನಲ್ಲಿಯೂ ಸರಪಳಿ ಹಿಡಿದ ಜನ ಹೊಲಹೊಲ ತಿರುಗಿದರು. 33 ಅಡಿಯ ಸರಪಳಿ. ಅದರಲ್ಲಿ 16 ಆಣೆ. ಸರಪಳಿ ಉದ್ದ ಸರಪಳಿ ಅಗಲವೆಂದರೆ ಒಂದು ಗುಂಟೆ. 40 ಗುಂಟೆಗೆ ಎಕರೆ. ನಿಮ್ಮ ಉತಾರದಲ್ಲಿ ಇಂದಿಗೂ ಇರುವುದು ಅದೇ ಲೆಕ್ಕವಲ್ಲವೆ?

ಮಣ್ಣಿಗೆ ಬೆಲೆ ಕಟ್ಟಿದ ರೀತಿ ಇನ್ನೂ ಸ್ವಾರಸ್ಯದ್ದು. ಹುಟ್ಟುವಳಿಯ ಊಹೆಯ ಗೋಜಿಗೆ ಹೋಗದೆ, ಗುಂಡಿ ತೋಡಿ ಮಣ್ಣಿನ ಆಳವನ್ನು ಮೊಳದಿಂದ ಅಳೆದರು. ಒಂದೂ ಮುಕ್ಕಾಲು ಮೊಳ ಆಳದ ಒಳ್ಳೆಯ ಕಪ್ಪು ಎರೆಭೂಮಿಗೆ 16 ಆಣೆ; ಅಲ್ಲಿಂದ ಇಳಿಯುತ್ತ ಇಳಿಯುತ್ತ 2 ಆಣೆಯವರೆಗೆ ಒಂಬತ್ತು ತರಗತಿಗಳು. ಸುಣ್ಣದ ಹರಳು ಬೆರೆತಿದೆಯೆ, ಮರಳಿದೆಯೆ, ಇಳಿಜಾರಿದೆಯೆ, ಮಳೆನೀರು ಕೊಚ್ಚಿಹೋಗುವುದೆ, ಇಲ್ಲವೆ ನಿಂತುಕೊಳ್ಳುವುದೆ - ಒಂದೊಂದು ದೋಷಕ್ಕೆ ಒಂದೊಂದು ಗುರುತು, ಗುರುತಿಗೊಂದು ತರಗತಿ ಕಡಿಮೆ. ಪರಸಗಡದ ಎರೆಯೂ ಕಿತ್ತೂರ ಕಡೆಯ ಕೆಂಪು ಮಸಾರಿಯೂ ಒಂದೇ ಕೋಷ್ಟಕದೊಳಗೆ ಬಂದವು. ಎಲ್ಲಕ್ಕೂ ಮಿಗಿಲಾದುದು ಇನ್ನೊಂದು ನಿಯಮ. ಕಾರಕೂನರು ಅಳೆದ ಹೊಲಗಳಲ್ಲಿ ಒಂದು ಪಾಲನ್ನು ಮೇಲಧಿಕಾರಿ ತಾನೇ ಹೋಗಿ ಮರಳಿ ಅಳೆದು ತಾಳೆ ನೋಡತಕ್ಕದ್ದು. ಯಾವ ಹೊಲ ಮರುಪರೀಕ್ಷೆಗೆ ಬರುವುದೋ ಕಾರಕೂನನಿಗೆ ಗೊತ್ತಿಲ್ಲ. ಆದುದರಿಂದ ಎಲ್ಲ ಹೊಲಗಳನ್ನೂ ಸರಿಯಾಗಿ ಅಳೆಯುವುದೇ ಅವನಿಗೆ ಕ್ಷೇಮ. ಪ್ರಿಂಗಲನಿಗೂ ವಿಂಗೇಟನಿಗೂ ಇದ್ದ ಭೇದವನ್ನು ಜಾಣತನದಲ್ಲಿ ಹುಡುಕಬಾರದು. ಅದು ಇದ್ದುದು ಈ ಮರುಅಳತೆಯ ಸರಪಳಿಯಲ್ಲಿ.

ಆಮೇಲಿನ ನೂರು ವರುಷಗಳನ್ನು ಬೇಗನೆ ದಾಟಿಬಿಡೋಣ. ಮೋಡಿ ಅಕ್ಷರದ ರುಮಾಲುಗಳು ಕುಲಕರ್ಣಿಯ ಮನೆಯಲ್ಲಿ ಉಳಿದವು. ಓದಬಲ್ಲವನು ಅವನೊಬ್ಬನೇ ಆದುದರಿಂದ ಊರೆಲ್ಲ ಅವನ ಮಾತಿಗೆ ಕಟ್ಟುಬಿದ್ದಿತ್ತು. 1903ರ ಕಾಯದೆಯಿಂದ ಮುಂಬಯಿ ಪ್ರಾಂತದಲ್ಲಿ ಹಕ್ಕುದಾಖಲೆಯ ಪದ್ಧತಿ ಬಂದಿತು. ರಾಮದುರ್ಗವು ಮಾತ್ರ ಸಂಸ್ಥಾನವಾದುದರಿಂದ ತನ್ನದೇ ದಫ್ತರ ಇಟ್ಟುಕೊಂಡಿದ್ದು 1948ರಲ್ಲಿ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. ಕುಲಕರ್ಣಿ ವತನವು 1950ರ ಕಾಯದೆಯಿಂದ ರದ್ದಾಯಿತು.

ದಫ್ತರ ಸರಕಾರದ ಕೈಗೆ ಬಂದರೂ ಕಾಗದಕ್ಕೂ ಹೊಲಕ್ಕೂ ನಡುವಿನ ಅಂತರ ಮುಚ್ಚಲಿಲ್ಲ. ಮುನವಳ್ಳಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟೆ ಕಟ್ಟಿ ಕಾಲುವೆ ತೋಡಿದ ಮೇಲೆ ನೀರಾವರಿಯ ಹೆಸರಿನಲ್ಲಿ ಬೆಟರ್‌ಮೆಂಟ್ ಲೆವಿಯ ನೋಟೀಸುಗಳು ರೈತರಿಗೆ ಬಂದವು. ನೀರು ಸರಿಯಾಗಿ ಮುಟ್ಟದ ಹೊಲದವರಿಗೂ ಬಂದವು. ಕಡತದಲ್ಲಿ ತರಿ, ಕಣ್ಣೆದುರಿಗೆ ಖುಷ್ಕಿ! 1980ರ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ನಡೆದುದನ್ನು ನಿಮ್ಮಲ್ಲಿಯ ಹಿರಿಯರು ಮರೆತಿರಲಾರರು.

ಗಣಕಯಂತ್ರದ ಸರದಿ 2000ದ ಹೊತ್ತಿಗೆ ಬಂದಿತು. 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ಭೂಮಾಲಿಕರ ಹೆಸರುಗಳು ಯಂತ್ರಕ್ಕೆ ಏರಿದವು. ಅದಕ್ಕೆ ಮೊದಲು ಆ ಕಾಗದಗಳೆಲ್ಲ ಸುಮಾರು 9000 ಗ್ರಾಮಲೆಕ್ಕಿಗರ ಚೀಲಗಳಲ್ಲಿ ಇದ್ದುವು. ಈಗ ತಾಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟರೆ ಉತಾರ ಕೈಗೆ ಬರತೊಡಗಿತು. ಲೆಕ್ಕಿಗನನ್ನು ಹುಡುಕುತ್ತ ಸಂತೆಸಂತೆ ಅಲೆಯುವ ಕಷ್ಟ ತಪ್ಪಿತು. ಇದನ್ನು ಸಣ್ಣ ಮಾತೆಂದು ಯಾರೂ ಹೇಳಬಾರದು. ಇನ್ನೂ ಒಂದು ಒಳ್ಳೆಯ ಏರ್ಪಾಡಿದ್ದಿತು: ಯಂತ್ರದಲ್ಲಿ ಬದಲಾವಣೆ ಮಾಡುವ ನೌಕರನು ಮೊದಲು ತನ್ನ ಬೆರಳಚ್ಚು ಒತ್ತಬೇಕು. ತಿದ್ದಿದ ಕೈ ಯಾವುದೆಂಬುದು ದಾಖಲಾಗುವುದು.

ಆದರೂ ಯಂತ್ರಕ್ಕೆ ಏರಿಸುವಾಗ ಹೆಸರುಗಳು ತಪ್ಪಿದವು, ಗುಂಟೆಗಳು ತಪ್ಪಿದವು. ಕೈಬರಹದ ತಪ್ಪನ್ನು ಜನ ತಪ್ಪೆನ್ನುತ್ತಿದ್ದರು. ಅಚ್ಚಾಗಿ ಬಂದ ತಪ್ಪಿಗೆ ಒಂದು ಗತ್ತು ಬಂದಿತು. ಬಸಪ್ಪನು ಬಸವಣ್ಣೆಪ್ಪನಾಗಿ ಅಚ್ಚಾದರೆ ಸಾಲ ಸಿಗದು, ಬೆಳೆಯ ಪರಿಹಾರ ಸಿಗದು. ತಿದ್ದುಪಡಿಯ ಅರ್ಜಿ ಹಿಡಿದು ಅವನೇ ತಿರುಗಬೇಕು. ಯೋಜನೆಯಿಂದ ದೊಡ್ಡ ಭೂವ್ಯವಹಾರಸ್ಥರಿಗೇ ಹೆಚ್ಚು ಅನುಕೂಲವಾಯಿತೆಂದು 2007ರಲ್ಲಿ ಸಾಲೊಮನ್ ಬೆಂಜಮಿನ್ ಮೊದಲಾದ ಸಂಶೋಧಕರು ಆಕ್ಷೇಪಿಸಿದ್ದೂ ಉಂಟು.

ಇಷ್ಟಾದರೂ ಆ ಯಂತ್ರಕ್ಕೆ ಸ್ವಂತ ಬುದ್ಧಿಯಿರಲಿಲ್ಲ. ಹಾಕಿದ್ದನ್ನು ಹಾಕಿದಂತೆ ಕೊಡುತ್ತಿತ್ತು. ಈಗ ಬಂದಿರುವ ಸಹಾಯಕನ ರೀತಿಯೇ ಬೇರೆ. ಅವನ ಬಳಿ ದಫ್ತರವಿಲ್ಲ. ಅಪಾರವಾದ ಬರಹಗಳನ್ನು ಅರೆದು ಕುಡಿದು, ಒಂದು ಪದದ ಬಳಿಕ ಯಾವ ಪದ ಬರುವುದು ಹೆಚ್ಚು ಸಹಜವೆಂಬುದನ್ನು ಕಲಿತಿದ್ದಾನೆ. ಗೊತ್ತಿದ್ದಾಗಲೂ ಗೊತ್ತಿಲ್ಲದಾಗಲೂ ಅವನ ಧ್ವನಿ ಒಂದೇ. ಕಾನೂನಿನ ಕಲಮು ಕೇಳಿದರೆ ಕಲಮಿನಂತೆಯೇ ಕಾಣುವ ಒಂದನ್ನು ಒದಗಿಸುವನು. ಫ್ಲೀಟನ ಚೊಕ್ಕ ತಾಮ್ರಪಟಗಳನ್ನು ನೆನೆಯಿರಿ.

ಇದು ಬರಿಯ ಊಹೆಯಲ್ಲ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠವು 2024ರ ಡಿಸೆಂಬರ 30ರಂದು ಕೊಟ್ಟ ಒಂದು ಆದೇಶದಲ್ಲಿ, ಯಾವ ನ್ಯಾಯಾಲಯವೂ ಕೊಟ್ಟಿರದ ತೀರ್ಪುಗಳ ಉಲ್ಲೇಖ ಕಾಣಿಸಿಕೊಂಡಿತು. ವಾರದೊಳಗೆ ಆದೇಶವನ್ನು ಹಿಂದೆಗೆದುಕೊಳ್ಳಬೇಕಾಯಿತು. 2025ರ ಮಾರ್ಚಿಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಇಂಥದೇ ಇಲ್ಲದ ತೀರ್ಪುಗಳನ್ನು ಎತ್ತಿಹೇಳಿದ್ದ ಸಿವಿಲ್ ನ್ಯಾಯಾಧೀಶರೊಬ್ಬರ ವಿಷಯದಲ್ಲಿ ಕ್ರಮಕ್ಕೆ ಸೂಚಿಸಿತು. ಎರಡರಲ್ಲಿಯೂ ಜನರ ಸಂಶಯ ಹೊರಳಿದುದು ಈ ಹೊಸ ಸಹಾಯಕನ ಕಡೆಗೇ. ಕಾನೂನು ಓದಿದವರ ಮನೆಯಲ್ಲಿಯೇ ಹೀಗಾದರೆ ಗ್ರಾಮ ಪಂಚಾಯತಿಯ ಒಬ್ಬ ಗುಮಾಸ್ತನ ಪಾಡೇನು?

ನೆರೆಯ ತೆಲಂಗಾಣದಲ್ಲಿ ಆದುದು ಇನ್ನೂ ಕಠಿಣ. ಅಲ್ಲಿ 2014ರಿಂದ 2019ರೊಳಗೆ 18 ಲಕ್ಷಕ್ಕೂ ಮಿಕ್ಕಿ ಪಡಿತರ ಚೀಟಿಗಳು ರದ್ದಾದವು. ಬೇರೆ ಬೇರೆ ಇಲಾಖೆಗಳ ದಾಖಲೆಗಳನ್ನು ಕೂಡಿಸಿ ಯಂತ್ರವು 'ಇವರು ಬಡವರಲ್ಲ' ಎಂದುದನ್ನೇ ನಂಬಿ ಬಹಳಷ್ಟು ಚೀಟಿಗಳನ್ನು ತೆಗೆದುಹಾಕಲಾಗಿತ್ತು. ಒಂದೇ ಹೆಸರಿನ ಬೇರೊಬ್ಬನ ಮೋಟಾರು ಇವನ ಲೆಕ್ಕಕ್ಕೆ ಜಮೆಯಾದರೆ ಇವನ ಅಕ್ಕಿ ಹೋಯಿತು. 2022ರ ಏಪ್ರಿಲದಲ್ಲಿ ಸರ್ವೋಚ್ಚ ನ್ಯಾಯಾಲಯವು ರದ್ದಾದ ಚೀಟಿಗಳನ್ನು ಮನೆಮನೆಗೆ ಹೋಗಿ ಮರುಪರಿಶೀಲಿಸಬೇಕೆಂದಿತು. ವಿಂಗೇಟನ ಮರುಅಳತೆಯೇ ಮತ್ತೆ!

ಹಾಗಾದರೆ ನೌಕರನು ಇದನ್ನು ಮುಟ್ಟಲೇಬಾರದೆ? ಹಾಗೆನ್ನಲಾರೆ. ಅವನ ಕಷ್ಟವೂ ಸಣ್ಣದಲ್ಲ. ಸಕಾಲ ಕಾಯದೆಯಂತೆ ಗೊತ್ತಾದ ದಿನಗಳೊಳಗೆ ಕೆಲಸ ಮುಗಿಸಬೇಕು. ಗ್ರಾಮ ಆಡಳಿತ ಅಧಿಕಾರಿಗಳು 2024ರ ಸಪ್ಟಂಬರದಲ್ಲಿ ಮುಷ್ಕರ ಹೂಡಿದಾಗ, ತಕ್ಕ ಸಲಕರಣೆ ಕೊಡದೆ ಒಂದರ ಮೇಲೊಂದು ಮೊಬೈಲ್ ಆ್ಯಪ್ ಹೇರಿದ್ದಾರೆಂಬುದು ಅವರ ಮುಖ್ಯ ದೂರುಗಳಲ್ಲಿ ಒಂದಾಗಿದ್ದಿತು. ಅಂಥವನು ಸಭೆಯ ನಡಾವಳಿಯ ಕರಡನ್ನೋ, ಸುತ್ತೋಲೆಯ ಸರಳ ಕನ್ನಡವನ್ನೋ ಯಂತ್ರದಿಂದ ಬರೆಯಿಸಿಕೊಂಡು, ತಾನು ಓದಿ ತಿದ್ದಿದರೆ ಕೆಡುವುದೇನೂ ಇಲ್ಲ. ಮೋಡಿಯ ಹಳೆಯ ಕಾಗದವನ್ನು ಯಂತ್ರ ಓದಿ ತೋರಿಸಲಿ. ಮೂಲವನ್ನು ಪಕ್ಕದಲ್ಲಿಟ್ಟು ಬಲ್ಲವನೊಬ್ಬ ತಾಳೆ ನೋಡುವತನಕ ಅದು ದಾಖಲೆಯಾಗದಿರಲಿ. ಆದರೆ ನಿಮ್ಮ ಆಧಾರ ಸಂಖ್ಯೆ, ಬ್ಯಾಂಕಿನ ಖಾತೆ, ಮನೆತನದ ತಂಟೆಯ ಅರ್ಜಿ ಇವುಗಳನ್ನು ಅವನು ಹೊರಗಿನ ಕಂಪನಿಯ ಯಂತ್ರಕ್ಕೆ ಉಣಿಸಿದರೆ ಅದು ಚಾವಡಿಯ ದಫ್ತರವನ್ನು ಸಂತೆಯಲ್ಲಿ ಬಿಚ್ಚಿಟ್ಟಂತೆ. ಕೇಂದ್ರದ ಹಣಕಾಸು ಸಚಿವಾಲಯವು 2025ರ ಜನವರಿ 29ರಂದು ತನ್ನ ಕಚೇರಿಯ ಗಣಕಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್ ಮುಂತಾದವನ್ನು ಬಳಸಬಾರದೆಂದು ಅಪ್ಪಣೆ ಮಾಡಿದ್ದು ಈ ಕಾರಣಕ್ಕೇ.

ನಿಮ್ಮ ಕಡೆಯಿಂದಲೂ ಒಂದು ಕೆಲಸವುಂಟು. ಅರ್ಜಿ ತಿರಸ್ಕಾರವಾಗಿ ಬಂದಾಗ 'ಸಿಸ್ಟಮ್ ತೆಗೆದುಕೊಳ್ಳುವುದಿಲ್ಲ' ಎಂಬ ಉತ್ತರ ಕಿಂಡಿಯಿಂದ ಬರುವುದು ನಿಮಗೆ ಹೊಸದಲ್ಲ. ಕಾರಣವನ್ನು ಬರೆದುಕೊಡಿರೆಂದು ಕೇಳಿರಿ. ಸಹಿ ಮಾಡಿದ ಅಧಿಕಾರಿಯ ಹೆಸರನ್ನು ಕೇಳಿರಿ. ಕರ್ನಾಟಕದ 1964ರ ಭೂಕಂದಾಯ ಕಾಯದೆಯು ಹಕ್ಕುದಾಖಲೆಯಲ್ಲಿ ಬರೆದುದನ್ನು ಸುಳ್ಳೆಂದು ತೋರಿಸುವವರೆಗೆ ನಿಜವೆಂದೇ ಹಿಡಿಯುತ್ತದೆ. ಅದೇ ಕಾಯದೆ, ಹಕ್ಕು ಬದಲಾವಣೆಯ ನಮೂದು ಖಾಯಂ ಆಗುವ ಮೊದಲು ಸಂಬಂಧಪಟ್ಟವರಿಗೆ ತಿಳುವಳಿಕೆ ಕೊಟ್ಟು, ಚಾವಡಿಯಲ್ಲಿ ಪ್ರಕಟಿಸಿ, ತಕರಾರು ಬಂದರೆ ವಿಚಾರಿಸಬೇಕೆಂದೂ ಹೇಳುತ್ತದೆ. ಮುಂದಿನ ಸಲ ಚಾವಡಿಯ ಮುಂದೆ ಹಾಯ್ದುಹೋಗುವಾಗ ಆ ಫಲಕದ ಮೇಲೆ ಏನು ಅಂಟಿಸಿದ್ದಾರೆಂದು ಒಂದು ಗಳಿಗೆ ನಿಂತು ನೋಡಿರಿ. ನಿಮ್ಮದೇ ಸರ್ವೆ ನಂಬರು ಇದ್ದರೂ ಇದ್ದೀತು.