ಬುಕಿಂಗ್ ಕ್ಯಾಲೆಂಡರ್ ಹೊಂದಾಣಿಕೆ

ಒಂದೇ ಹೋಂಸ್ಟೇ ಅಥವಾ ಲಾಡ್ಜ್ ಕೋಣೆಯನ್ನು ಏರ್‌ಬಿಎನ್‌ಬಿ, ಬುಕಿಂಗ್.ಕಾಮ್, ಮೇಕ್‌ಮೈಟ್ರಿಪ್‌ನಂಥ ಹಲವು ತಾಣಗಳಲ್ಲಿ ಬಾಡಿಗೆಗಿಟ್ಟಾಗ, ಒಂದರಲ್ಲಿ ಕಾದಿರಿಸಿದ ದಿನಗಳು ಉಳಿದವುಗಳಲ್ಲೂ ಮುಚ್ಚುವಂತೆ ನೋಡಿಕೊಳ್ಳುವ ವ್ಯವಸ್ಥೆ. ಇದು ತಪ್ಪಿದರೆ ಒಂದೇ ರಾತ್ರಿಗೆ ಒಂದೇ ಕೋಣೆ ಇಬ್ಬರ ಪಾಲಾಗುತ್ತದೆ. ಇದಕ್ಕೆ ಡಬಲ್ ಬುಕಿಂಗ್ ಎನ್ನುತ್ತಾರೆ.

ಸುಲಭದ ದಾರಿ ಐಕ್ಯಾಲ್ ಕೊಂಡಿ, ಅಂದರೆ ಒಂದು ತಾಣದ ಕ್ಯಾಲೆಂಡರ್ ಅನ್ನು ಇನ್ನೊಂದು ತಾಣ ಓದಲು ಬಳಸುವ ವೆಬ್ ವಿಳಾಸ. 1998ರಲ್ಲಿ ರೂಪುಗೊಂಡು 2009ರಲ್ಲಿ ಪರಿಷ್ಕೃತವಾದ ಐಕ್ಯಾಲೆಂಡರ್ ಮಾನಕ ಇದರ ಆಧಾರ. ಒಂದು ತಾಣದ ಕೊಂಡಿಯನ್ನು ಇನ್ನೊಂದಕ್ಕೆ ಅಂಟಿಸಬೇಕು, ಆ ಇನ್ನೊಂದರ ಕೊಂಡಿಯನ್ನು ಮೊದಲನೆಯದಕ್ಕೂ. ಒಂದೇ ಕಡೆ ಮಾಡಿ ಸುಮ್ಮನಾಗುವುದು ಹೊಸಬರ ಮಾಮೂಲಿ ತಪ್ಪು. ತಾಣಗಳು ಮಾಹಿತಿಯನ್ನು ಆಗಾಗ ಮಾತ್ರ ಎಳೆದುಕೊಳ್ಳುವುದರಿಂದ ಕೆಲವು ಗಂಟೆಗಳ ತಡ ಆಗಬಹುದು, ಅಪಾಯ ಇರುವುದೇ ಅಲ್ಲಿ. ಕೋಣೆಯ ದರ ಈ ಕೊಂಡಿಯಲ್ಲಿ ಸಾಗುವುದಿಲ್ಲ. ಚಾನೆಲ್ ಮ್ಯಾನೇಜರ್ ಎಂಬ ಶುಲ್ಕದ ತಂತ್ರಾಂಶ ತಾಣಗಳೊಂದಿಗೆ ನೇರ ಸಂಪರ್ಕ ಹೊಂದಿ ದಿನ, ದರ ಎರಡನ್ನೂ ಬೇಗ ಬದಲಿಸುತ್ತದೆ. ಎರಡು ಮೂರು ಕೋಣೆಯವರಿಗೆ ಅದು ಅನಗತ್ಯ ಖರ್ಚು.

ಕಲಬುರಗಿ ಜಿಲ್ಲೆಯ ಕೋಣೆ ಮಾಲೀಕರಿಗೂ ಈ ಹೊಂದಾಣಿಕೆ ಬೇಕು. ಇಲ್ಲಿ ಚಿಂಚೋಳಿ ವನ್ಯಜೀವಿಧಾಮ, ಎತ್ತಿಪೋತ ಜಲಪಾತ, ಸೇಡಂ ತಾಲ್ಲೂಕಿನ ಮಳಖೇಡ, ಚಿತ್ತಾಪುರ ತಾಲ್ಲೂಕಿನ ಸನ್ನತಿ ಪ್ರವಾಸಿಗರ ತಾಣಗಳು. ಸೇಡಂ, ಶಹಾಬಾದ್, ವಾಡಿಗಳಿಗೆ ಸಿಮೆಂಟ್ ಕಾರ್ಖಾನೆ, ಕಲ್ಲು ವ್ಯಾಪಾರ, ರೈಲು ಜಂಕ್ಷನ್‌ಗಳ ಕೆಲಸದ ಮೇಲೆ ಬರುವವರೂ ಇದ್ದಾರೆ. ಇಂಥವರಿಂದ ಫೋನಿನಲ್ಲಿ ಒಪ್ಪಿಕೊಂಡು ರಿಜಿಸ್ಟರ್‌ನಲ್ಲಿ ಬರೆದಿಟ್ಟ ಬುಕಿಂಗ್ ಯಾವ ತಾಣಕ್ಕೂ ತಿಳಿಯದು. ಅಂಥ ದಿನಗಳನ್ನು ಮಾಲೀಕರೇ ಕೈಯಾರೆ ಮುಚ್ಚಬೇಕು. ಜಾತ್ರೆ, ಮದುವೆಗಳಿಗೆ ಹೀಗೆ ಕಾದಿರಿಸಿದ ದಿನಗಳನ್ನಂತೂ ಕೊಂಡಿಯನ್ನು ನಂಬದೆ ಪ್ರತಿ ತಾಣದಲ್ಲೂ ಒಡನೆಯೇ ಮುಚ್ಚುವುದು ಲೇಸು.