ಕ್ರಮಬದ್ಧ ನಿಘಂಟು (ದತ್ತಾಂಶ ರಚನೆ)

ಕ್ರಮಬದ್ಧ ನಿಘಂಟು ಎಂಬುದು ಗಣಕ ಕ್ರಮವಿಧಿಗಳಲ್ಲಿ ಬಳಕೆಯಾಗುವ ಒಂದು ದತ್ತಾಂಶ ರಚನೆ. ಇದರ ಪ್ರತಿಯೊಂದು ನಮೂದೂ ಕೀಲಿ ಮತ್ತು ಮೌಲ್ಯಗಳ ಜೋಡಿಯಾಗಿರುತ್ತದೆ. ಕೀಲಿಯ ಮೂಲಕ ಮೌಲ್ಯವನ್ನು ಹುಡುಕಿಕೊಡುವುದರ ಜೊತೆಗೆ, ನಮೂದುಗಳು ಸೇರಿದ ಅನುಕ್ರಮವನ್ನೂ ಇದು ಕಾಪಾಡುತ್ತದೆ. ಪೈಥಾನ್ ಭಾಷೆಯ ‘ಆರ್ಡರ್ಡ್‌ಡಿಕ್ಟ್’ ಮತ್ತು ಜಾವಾದ ‘ಲಿಂಕ್ಡ್‌ಹ್ಯಾಶ್‌ಮ್ಯಾಪ್’ ಇದರ ಪ್ರಸಿದ್ಧ ರೂಪಗಳು.

ಕ್ರಮದ ಸ್ವರೂಪ

ಇಲ್ಲಿನ ಕ್ರಮವು ಅಕಾರಾದಿಯಲ್ಲ. ಬಿಜಾಪುರ, ತಿಕೋಟಾ, ಬಬಲೇಶ್ವರ ಎಂಬ ಮೂರು ಊರುಗಳನ್ನು ಇದೇ ಅನುಕ್ರಮದಲ್ಲಿ ಸೇರಿಸಿದರೆ, ಓದುವಾಗಲೂ ಅವು ಹಾಗೆಯೇ ಬರುತ್ತವೆ. ಅಕಾರಾದಿಯಲ್ಲಾದರೆ ತಿಕೋಟಾ ಮೊದಲು ಬರುತ್ತಿತ್ತು.

ಮೌಲ್ಯವನ್ನು ತಿದ್ದಿದರೆ ನಮೂದಿನ ಸ್ಥಾನ ಬದಲಾಗುವುದಿಲ್ಲ. ಕೀಲಿಯನ್ನೇ ಬದಲಿಸಬೇಕಾದರೆ ಹಳೆಯದನ್ನು ಅಳಿಸಿ ಹೊಸದನ್ನು ಸೇರಿಸಬೇಕು. 2014ರ ನವೆಂಬರ್ 1ರಂದು ಬಿಜಾಪುರದ ಹೆಸರು ಅಧಿಕೃತವಾಗಿ ವಿಜಯಪುರ ಎಂದಾಯಿತು. ಮೇಲಿನ ಪಟ್ಟಿಯಲ್ಲಿ ಈ ತಿದ್ದುಪಡಿ ಮಾಡಿದರೆ ಜಿಲ್ಲಾ ಕೇಂದ್ರವು ಬಬಲೇಶ್ವರದ ನಂತರ, ಕೊನೆಯ ಸ್ಥಾನಕ್ಕೆ ಇಳಿಯುತ್ತದೆ. ಬೇರೊಂದು ಪಟ್ಟಿಯ ಅಂಕಿಗಳನ್ನು ಕೇವಲ ಸ್ಥಾನವನ್ನು ನೋಡಿ ಹೊಂದಿಸಿದ್ದಲ್ಲಿ, ಒಂದೂರಿನ ಲೆಕ್ಕ ಮತ್ತೊಂದೂರಿನ ಹೆಸರಿಗೆ ಸೇರಿಹೋಗುತ್ತದೆ. ಆದ್ದರಿಂದ ಬದಲಾಗದ ಸಂಕೇತ ಸಂಖ್ಯೆಯನ್ನು ಕೀಲಿಯಾಗಿಸಿ, ಊರಿನ ಹೆಸರನ್ನು ಮೌಲ್ಯದಲ್ಲಿಡುವುದು ಉತ್ತಮ ವಿನ್ಯಾಸ.

ರಚನೆ ಮತ್ತು ಸುಧಾರಣೆ

ಪೈಥಾನ್‌ಗೆ ಇಂತಹ ನಿಘಂಟನ್ನು ಸೇರಿಸುವ ಪ್ರಸ್ತಾವವನ್ನು ಆರ್ಮಿನ್ ರೊನಾಕರ್ ಮತ್ತು ರೇಮಂಡ್ ಹೆಟಿಂಗರ್ 2008ರಲ್ಲಿ ಸಿದ್ಧಪಡಿಸಿದರು. 2009ರ 3.1ನೆಯ ಆವೃತ್ತಿಯಲ್ಲಿ ಅದು ಜಾರಿಗೆ ಬಂದಿತು. ಅದರಲ್ಲಿ ಹುಡುಕಾಟಕ್ಕೆ ಹ್ಯಾಶ್ ಕೋಷ್ಟಕವನ್ನೂ, ಅನುಕ್ರಮಕ್ಕೆ ಹಿಂದೆ ಮುಂದೆ ಎರಡೂ ಕಡೆ ಕೊಂಡಿಯಿರುವ ಪಟ್ಟಿಯನ್ನೂ ಬಳಸಲಾಗಿತ್ತು. ನಡುವಿನ ನಮೂದನ್ನು ಅಳಿಸಿದಾಗ ಅಕ್ಕಪಕ್ಕದ ಕೊಂಡಿಗಳನ್ನು ಕೂಡಿಸಿದರೆ ಸಾಕಾಗುತ್ತಿತ್ತು. ಆದರೆ ಕೊಂಡಿಗಳಿಗಾಗಿ ಹೆಚ್ಚಿನ ಸ್ಮೃತಿ ವ್ಯಯವಾಗುತ್ತಿತ್ತು.

ನಮೂದುಗಳನ್ನು ಒತ್ತಾದ ಸಾಲಿನಲ್ಲಿಟ್ಟು, ಅವುಗಳ ಸ್ಥಾನಸಂಖ್ಯೆಯನ್ನು ಮಾತ್ರ ಹ್ಯಾಶ್ ಕೋಷ್ಟಕದಲ್ಲಿಡುವ ವಿಧಾನವನ್ನು ಹೆಟಿಂಗರ್ 2012ರಲ್ಲಿ ಸೂಚಿಸಿದರು. 2016ರ 3.6ನೆಯ ಆವೃತ್ತಿಯ ಸಾಧಾರಣ ನಿಘಂಟಿನಲ್ಲಿ ಇದನ್ನು ಅಳವಡಿಸಲಾಯಿತು. ಇದರಿಂದ ಸ್ಮೃತಿಯ ಬಳಕೆ ಶೇ. 20ರಿಂದ 25ರಷ್ಟು ತಗ್ಗಿತು. ಅನುಕ್ರಮವೂ ತಾನಾಗಿಯೇ ಉಳಿಯಿತು. 2018ರ 3.7ನೆಯ ಆವೃತ್ತಿಯಿಂದ ಅನುಕ್ರಮದ ರಕ್ಷಣೆಯು ಭಾಷೆಯ ನಿಯಮವೇ ಆಗಿದೆ. ಆದರೂ ಎರಡು ನಿಘಂಟುಗಳನ್ನು ಹೋಲಿಸುವಾಗ ಅನುಕ್ರಮವನ್ನೂ ಪರಿಗಣಿಸುವುದು ‘ಆರ್ಡರ್ಡ್‌ಡಿಕ್ಟ್’ ಮಾತ್ರ.

ಕನ್ನಡದ ಅಕಾರಾದಿ

ಕೀಲಿಗಳು ಸದಾ ಅಕಾರಾದಿಯಲ್ಲಿರಬೇಕಾದರೆ ವಿಂಗಡಿತ ನಿಘಂಟು ಬೇಕಾಗುತ್ತದೆ. ಅಲ್ಲಿಯೂ ಯೂನಿಕೋಡ್ ಸಂಖ್ಯೆಯೊಂದನ್ನೇ ಆಧರಿಸುವಂತಿಲ್ಲ. ಯೂನಿಕೋಡಿನಲ್ಲಿ ‘ಳ’ ಅಕ್ಷರವು ‘ವ’ಕ್ಕಿಂತ ಮೊದಲಿದ್ದು, ‘ತಾಳಿ’ಯ ನಂತರ ‘ತಾವರೆ’ ಬರುತ್ತದೆ. ಕನ್ನಡ ವರ್ಣಮಾಲೆಯಲ್ಲಿ ‘ಳ’ ಕೊನೆಯ ಅಕ್ಷರವಾದುದರಿಂದ ‘ತಾವರೆ’ಯೇ ಮೊದಲು ಬರಬೇಕು. ಇದಕ್ಕಾಗಿ ಕನ್ನಡದ ವಿಂಗಡಣಾ ನಿಯಮವನ್ನು ಪ್ರತ್ಯೇಕವಾಗಿ ಒದಗಿಸಬೇಕಾಗುತ್ತದೆ.